ಯಾವ ಹವ್ಯಾಸದ ಬೇಸರ ನಿಮಗೆ ಒಗ್ಗುತ್ತದೆ?

ಗಂಗಾವತಿಯ ತಂಗಿ ಹೋದ ತಿಂಗಳು ಫೋನು ಮಾಡಿದ್ದಳು. "ಅಕ್ಕಾ, ಕಿರಿಯವನೂ ಹಾಸ್ಟೆಲ್ ಸೇರಿದ. ಸಂಜೆ ಆರಾದರೆ ಮನೆ ಭಣಭಣ ಅನ್ನುತ್ತದೆ. ಏನಾದರೂ ಹೊಸದನ್ನು ಕಲಿಯೋಣ ಅನಿಸಿದೆ. ನೀನು ಎಲ್ಲವನ್ನೂ ಹಿಡಿದು ಬಿಟ್ಟವಳಲ್ಲವೇ, ಯಾವುದು ಒಳ್ಳೆಯದು ಹೇಳು." ಹಿಡಿದು ಬಿಟ್ಟವಳು ಎಂಬ ಮಾತು ಸ್ವಲ್ಪ ಚುಚ್ಚಿತು. ಸುಳ್ಳಂತೂ ಅಲ್ಲ. ಬಳ್ಳಾರಿಯ ಜೀನ್ಸ್ ಘಟಕವೊಂದರಲ್ಲಿ ಲೆಕ್ಕ ಬರೆಯುವ ನಾನು ಹನ್ನೆರಡು ವರ್ಷಗಳಲ್ಲಿ ಆರು ಹುಚ್ಚುಗಳನ್ನು ಹತ್ತಿಸಿಕೊಂಡಿದ್ದೇನೆ: ಮಾಳಿಗೆಯ ಮೇಲಿನ ಕೈತೋಟ, ಹಾರ್ಮೋನಿಯಂ, ಹಕ್ಕಿ ನೋಡುವುದು, ಕಸೂತಿ, ಹಳೆಯ ಕಲ್ಲು-ಶಾಸನ, ಮತ್ತೆ ರಾತ್ರಿಯ ಚುಕ್ಕಿ. ಹೊಸದರಲ್ಲಿ ಅಗಸ ಗೋಣಿಯನ್ನು ಎತ್ತೆತ್ತಿ ಒಗೆದ ಎಂಬ ಗಾದೆಯನ್ನು ನಮ್ಮ ಅತ್ತೆ ನನ್ನ ಬೆನ್ನ ಹಿಂದೆ ಎಷ್ಟು ಸಲ ಹೇಳಿದ್ದಾರೋ ಲೆಕ್ಕವಿಲ್ಲ.

ಇಷ್ಟಾದ ಮೇಲೆ ನನಗೆ ತಿಳಿದದ್ದು ಒಂದೇ. ಪ್ರತಿ ಹವ್ಯಾಸಕ್ಕೂ ಒಂದು ಸಿಹಿ ಪಾಲು, ಒಂದು ಬೇಸರದ ಪಾಲು ಇರುತ್ತದೆ. ವಿಡಿಯೊಗಳಲ್ಲಿ ಕಾಣುವುದು ಸಿಹಿ ಪಾಲು ಮಾತ್ರ. ಕೆಂಪು ಟೊಮೆಟೊ, ಮಿನುಗುವ ಕನ್ನಡಿ, ರೆಕ್ಕೆ ಬಿಚ್ಚಿದ ಹೆಬ್ಬಾತು ಯಾರಿಗೆ ಬೇಡ? ಹಾಗಾಗಿ ಯಾವುದು ಇಷ್ಟ ಎಂದು ಕೇಳಿಕೊಂಡರೆ ಉತ್ತರ ಸಿಗುವುದಿಲ್ಲ, ಎಲ್ಲವೂ ಇಷ್ಟವೇ. ಯಾವುದರ ಬೇಸರವನ್ನು ತಾಳಬಲ್ಲೆ ಎಂದು ಕೇಳಿಕೊಳ್ಳಬೇಕು. ತಂಗಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ವಿಸ್ತರಿಸಿ ಬರೆಯುತ್ತಿದ್ದೇನೆ.

ಮೊದಲು ಗಡಿಯಾರ ನೋಡಿ

ಬಳ್ಳಾರಿ, ರಾಯಚೂರು, ಕೊಪ್ಪಳದವರು ಹವ್ಯಾಸ ಆರಿಸುವಾಗ ಬೆಂಗಳೂರಿನವರ ಸಲಹೆಯನ್ನು ಹಾಗೆಯೇ ತೆಗೆದುಕೊಂಡರೆ ಕೆಡುತ್ತಾರೆ. ನಮ್ಮಲ್ಲಿ ಮಾರ್ಚಿನಿಂದ ಜೂನ್ ಮೊದಲ ವಾರದವರೆಗೆ ಬೆಳಿಗ್ಗೆ ಒಂಬತ್ತರ ಮೇಲೆ ಹೊರಗಿನ ಯಾವ ಕೆಲಸಕ್ಕೂ ಅರ್ಥವಿಲ್ಲ. 40 ಡಿಗ್ರಿ ದಾಟುವ ದಿನಗಳಲ್ಲಿ ಸಂಜೆ ಆರಕ್ಕೂ ಗೋಡೆಗಳು ಬಿಸಿಯನ್ನು ಉಗುಳುತ್ತಲೇ ಇರುತ್ತವೆ. ಆದ್ದರಿಂದ ನಿಮಗೆ ನಿಜವಾಗಿ ಸಿಗುವ ಹೊತ್ತು ಯಾವುದು ಎಂಬುದನ್ನು ಮೊದಲು ಬರೆದುಕೊಳ್ಳಿ. ಬೆಳಿಗ್ಗೆ ಐದೂವರೆಯಿಂದ ಏಳೂವರೆ ಸಿಗುವವರಿಗೆ ಹಕ್ಕಿ, ತೋಟ, ಕಲ್ಲು. ಊಟವಾದ ಮೇಲಿನ ಮಧ್ಯಾಹ್ನ ಸಿಗುವವರಿಗೆ ಕಸೂತಿ. ಸಂಜೆ ಸಿಗುವವರಿಗೆ ಸಂಗೀತ. ರಾತ್ರಿ ಒಂಬತ್ತರ ಮೇಲೆ ಮಾತ್ರ ಬಿಡುವಾಗುವವರಿಗೆ ಚುಕ್ಕಿ. ಈ ಒಂದು ಲೆಕ್ಕದಲ್ಲೇ ಅರ್ಧ ಆಯ್ಕೆ ಮುಗಿದುಹೋಗುತ್ತದೆ. ನಾನು ಇದನ್ನು ಮಾಡದೆ ಹಾರ್ಮೋನಿಯಂ ಕೊಂಡೆ. ತಿಂಗಳ ಕೊನೆಯ ಹತ್ತು ದಿನ ನಾನು ಮನೆಗೆ ಬರುವುದೇ ಎಂಟಕ್ಕೆ.

ಒಂದೇ ಮಾಳಿಗೆ: ತೋಟವೋ ಚುಕ್ಕಿಯೋ

ಮನೆಯ ಮೇಲೆ ಮಾಳಿಗೆ ಇದ್ದವರಿಗೆ ಈ ಎರಡೂ ಹತ್ತಿರದವು, ಎರಡನ್ನೂ ಖರ್ಚಿಲ್ಲದೆ ಶುರುಮಾಡಬಹುದು. ಸ್ವಭಾವದಲ್ಲಿ ಮಾತ್ರ ಒಂದು ಉತ್ತರ, ಇನ್ನೊಂದು ದಕ್ಷಿಣ.

ತೋಟದಲ್ಲಿ ನಾನು ಮಾಡಿದ ಮೊದಲ ತಪ್ಪು ಮಣ್ಣಿನದು. ತವರಿನ ಹೊಲದಿಂದ ಒಳ್ಳೆಯ ಎರೆ ಮಣ್ಣು ತಂದು ಕುಂಡಗಳಿಗೆ ತುಂಬಿದೆ. ಹೊಲದಲ್ಲಿ ಬಂಗಾರದಂತಹ ಮಣ್ಣು ಕುಂಡದಲ್ಲಿ ಶತ್ರುವಾಯಿತು. ನೀರು ಕಂಡರೆ ಉಬ್ಬುತ್ತದೆ, ಒಣಗಿದರೆ ಬಿರುಕು ಬಿಟ್ಟು ಕುಂಡದ ಅಂಚಿನಿಂದ ದೂರ ಸರಿಯುತ್ತದೆ. ಮರುದಿನ ಹಾಕಿದ ನೀರು ಆ ಸಂದಿಯಲ್ಲೇ ಇಳಿದು ತಳದಿಂದ ಹರಿದುಹೋಗುತ್ತದೆ, ಬೇರಿಗೆ ತೊಟ್ಟೂ ಮುಟ್ಟುವುದಿಲ್ಲ. ಕೆಂಪು ಮಣ್ಣು, ಕೊಟ್ಟಿಗೆ ಗೊಬ್ಬರ, ತೆಂಗಿನ ನಾರಿನ ಪುಡಿ ಬೆರೆಸಿದ ಮೇಲೆ ದಾರಿಗೆ ಬಂತು. ಎರಡನೆಯ ತಪ್ಪು ಕಾಲದ್ದು. ಫೆಬ್ರವರಿಯಲ್ಲಿ ಟೊಮೆಟೊ ಹಚ್ಚಿದೆ. ಹಗಲಿನ ಬಿಸಿ 35 ಡಿಗ್ರಿ ದಾಟಿತೆಂದರೆ ಟೊಮೆಟೊ ಹೂ ಬಿಟ್ಟರೂ ಕಾಯಿ ಕಚ್ಚುವುದು ಅಪರೂಪ. ಹೂವು ತೊಟ್ಟಿನ ಸಮೇತ ಉದುರಿ ಬೀಳುವುದನ್ನು ಎರಡು ತಿಂಗಳು ನೋಡಿದೆ. ಜೂನಿನ ಮಳೆಯಾದ ಮೇಲೆ ಇಲ್ಲವೇ ದಸರೆಯ ಹೊತ್ತಿಗೆ ಶುರುಮಾಡಿ. ಬೇಸಿಗೆಗೆ ಚವಳಿಕಾಯಿ, ಬೆಂಡೆ, ಬಸಳೆ ಮೂರೇ ಸಾಕು, ಅವಕ್ಕೂ ಹಸಿರು ನೆರಳು ಪರದೆ ಬೇಕು.

ಇದೆಲ್ಲ ಕಲಿಯಬಹುದಾದದ್ದು. ತೋಟದ ಬೇಸರದ ಪಾಲು ಮಾತ್ರ ಕಲಿತು ತೀರುವಂಥದ್ದಲ್ಲ: ಅದು ನಿಮ್ಮನ್ನು ಊರು ಬಿಡಗೊಡುವುದಿಲ್ಲ. ಇಪ್ಪತ್ತು ಕುಂಡಗಳಿಗೆ ಏಪ್ರಿಲ್‌ನಲ್ಲಿ ಎರಡು ಹೊತ್ತು ಸೇರಿ ಐದಾರು ಕೊಡ ನೀರು. ನಲ್ಲಿ ನೀರು ದಿನವೂ ಬಾರದ ಬೀದಿ ನಮ್ಮದು. ಕೊಳವೆಬಾವಿಯ ನೀರಿನ ಉಪ್ಪು ಕುಂಡದ ಕಂಠಕ್ಕೆ ಬಿಳಿ ಗೆರೆಯಾಗಿ ಕೂರುತ್ತದೆ. ಒಂದು ಮೇ ತಿಂಗಳಲ್ಲಿ ನಾಲ್ಕು ದಿನದ ಮದುವೆಗೆ ರಾಯಚೂರಿಗೆ ಹೋಗಿ ಬಂದೆ. ಹದಿನಾರು ಕುಂಡಗಳಲ್ಲಿ ಹುಲ್ಲುಕಡ್ಡಿ ಉಳಿದಿತ್ತು. ಮನೆಯಲ್ಲಿ ಸದಾ ಒಬ್ಬರಾದರೂ ಇರುತ್ತಾರೆ, ದಿನದ ಒಂದು ಕಟ್ಟುಪಾಡು ನಿಮಗೆ ಹಿತ ಅನ್ನುವುದಾದರೆ ತೋಟ ಹಿಡಿಯಿರಿ. ನನಗೆ ಆ ನಾಲ್ಕು ಕುಂಡ ಸಾಕೆನಿಸಿತು, ಈಗಲೂ ಅವೇ ಇವೆ.

ಚುಕ್ಕಿಗಳು ನಾಲ್ಕು ದಿನ ನೋಡದಿದ್ದರೆ ಒಣಗುವುದಿಲ್ಲ.

ಬಿಸಿಲೂರಿನ ಬೇಸಿಗೆ ತಾನಾಗಿ ನಮ್ಮನ್ನು ದೂಡುವ ಹವ್ಯಾಸವೆಂದರೆ ಇದೊಂದೇ ಎಂದು ನನ್ನ ಅನಿಸಿಕೆ. ಕರೆಂಟು ಹೋಯಿತು, ಕೋಣೆ ಕುಲುಮೆಯಾಯಿತು, ಹಾಸಿಗೆ ಹೊತ್ತು ಮಾಳಿಗೆ ಹತ್ತಿದೆವು, ಅಂಗಾತ ಮಲಗಿದೆವು. ಇನ್ನು ನೋಡುವುದೊಂದು ಬಾಕಿ. ಮೇ ತಿಂಗಳ ನಡುವಿನಲ್ಲಿ ರಾತ್ರಿ ಒಂಬತ್ತು-ಒಂಬತ್ತೂವರೆಗೆ ಉತ್ತರಕ್ಕೆ ಮುಖ ಮಾಡಿ, ಕೈ ನೀಡಿ ಮುಷ್ಟಿ ಹಿಡಿಯಿರಿ. ಚಾಚಿದ ಕೈಯ ಮುಷ್ಟಿಯ ಅಗಲ ಸುಮಾರು 10 ಡಿಗ್ರಿ. ನಮ್ಮ ಊರುಗಳು ಭೂಮಧ್ಯರೇಖೆಯಿಂದ 15-16 ಡಿಗ್ರಿ ಉತ್ತರದಲ್ಲಿರುವುದರಿಂದ ಧ್ರುವ ನಕ್ಷತ್ರ ದಿಗಂತದಿಂದ ಒಂದೂವರೆ ಮುಷ್ಟಿ ಮೇಲೆ ಮಂಕಾಗಿ ನಿಂತಿರುತ್ತದೆ. ಈಗ ಪೂರ್ತಿ ತಿರುಗಿ ದಕ್ಷಿಣಕ್ಕೆ ನೋಡಿ. ಅಲ್ಲಿಯೂ ಒಂದೂವರೆ ಮುಷ್ಟಿ ಎತ್ತರದಲ್ಲಿ ಶಿಲುಬೆಯಾಕಾರದ ನಾಲ್ಕು ಚುಕ್ಕಿಗಳು ನೆಟ್ಟಗೆ ನಿಂತಿವೆ. ಅದು ತ್ರಿಶಂಕು. ದೆಹಲಿಯವರು ಅದನ್ನು ಸರಿಯಾಗಿ ಕಾಣಲಾರರು, ನಮಗೆ ಮಾಳಿಗೆಯ ಮೇಲೆಯೇ ದರ್ಶನ. ಸಪ್ತರ್ಷಿಗಳ ಬಾಲದ ಬಾಗನ್ನು ಹಾಗೆಯೇ ಮುಂದುವರಿಸಿದರೆ ಮೊದಲು ಕಿತ್ತಳೆ ಬಣ್ಣದ ಸ್ವಾತಿ, ಇನ್ನೂ ಮುಂದೆ ಬಿಳಿಯ ಚಿತ್ತಾ.

ಈ ಹುಚ್ಚು ನನಗೆ ನಿಜವಾಗಿ ಹತ್ತಿದ್ದು ಒಂದು ಮುಜುಗರದಿಂದ. ಮೇ ಕೊನೆಯಲ್ಲಿ ರೋಹಿಣಿ ಮಳೆ ಕೂಡುತ್ತದೆ ಎಂದು ಮಾವ ಕ್ಯಾಲೆಂಡರ್ ನೋಡುತ್ತಿದ್ದರು. ನಾನು ಜಾಣತನ ತೋರಿಸಲು ಹೋಗಿ, "ಮಾವ, ರೋಹಿಣಿ ಚುಕ್ಕಿಯನ್ನು ಇವತ್ತು ರಾತ್ರಿ ನಿಮಗೆ ತೋರಿಸುತ್ತೇನೆ" ಎಂದೆ. ರಾತ್ರಿಯಿಡೀ ಹುಡುಕಿದೆ, ಇಲ್ಲ. ಅರವತ್ತು ವರ್ಷ ಮಳೆ ಎಣಿಸಿದ ಅವರು ನಕ್ಕು, "ಸೂರ್ಯ ಅದರ ಮನೆಯಲ್ಲಿ ಕೂತಿದ್ದಾನಲ್ಲಮ್ಮಾ, ಹೇಗೆ ಕಂಡೀತು?" ಎಂದರು. ಮಳೆಯ ಹೆಸರು ರಾತ್ರಿಯ ಚುಕ್ಕಿಯದಲ್ಲ, ಆ ದಿನಗಳಲ್ಲಿ ಸೂರ್ಯ ಯಾವ ನಕ್ಷತ್ರದಲ್ಲಿದ್ದಾನೋ ಅದರದು. ರೋಹಿಣಿಯನ್ನು ನೋಡಬೇಕಾದರೆ ಡಿಸೆಂಬರ್ ಸಂಜೆ ಮೂಡಣಕ್ಕೆ ನೋಡಬೇಕು. ಅಂದಿನಿಂದ ಮೃಗಶಿರ, ಆರಿದ್ರಾ, ಪುಷ್ಯ ಎಂದು ಒಂದೊಂದೇ ಮಳೆಯನ್ನು ಆರು ತಿಂಗಳ ಆಚೆಯ ಆಕಾಶದಲ್ಲಿ ಹುಡುಕುತ್ತಾ ಬಂದಿದ್ದೇನೆ.

ಇದರ ಬೇಸರ? ಜೂನಿನಿಂದ ಅಕ್ಟೋಬರ್‌ವರೆಗೆ ಮೋಡ. ಸೊಳ್ಳೆ. ಊರಿನ ದೀಪಗಳ ಬೆಳಕು. ಬಳ್ಳಾರಿಯ ನಡುವೆ ದೊಡ್ಡ ಚುಕ್ಕಿಗಳಷ್ಟೇ ಕಾಣುತ್ತವೆ. ಯಲಬುರ್ಗಾ, ಕುಷ್ಟಗಿ, ಲಿಂಗಸುಗೂರು ಕಡೆಯ ಹಳ್ಳಿಗಳಲ್ಲಿ ಬಂಧುಗಳಿದ್ದರೆ ಅಮಾವಾಸ್ಯೆಗೆ ಹೋಗಿ ಬನ್ನಿ. ಇನ್ನೊಂದು, ಇಲ್ಲಿ ಏನೂ ನಡೆಯುವುದಿಲ್ಲ. ಕೈಗೆ ಏನೂ ಬರುವುದಿಲ್ಲ, ಯಾರಿಗೂ ತೋರಿಸಲು ಏನೂ ಇರುವುದಿಲ್ಲ. ಮಾಡಿದ್ದಕ್ಕೆ ವಸ್ತು ಬೇಕು ಎನ್ನುವವರು ಇದರತ್ತ ಬರಬೇಡಿ.

ಕೂತು ಮಾಡುವವು: ಹಾರ್ಮೋನಿಯಂ ಮತ್ತು ಕಸೂತಿ

ನಮ್ಮ ಕಡೆ ಕಂಪನಿ ನಾಟಕ, ಬಯಲಾಟ, ಭಜನೆ ಎಲ್ಲಕ್ಕೂ ಪೆಟ್ಟಿಗೆ ಬೇಕು, ಹಾಗಾಗಿ ಹಾರ್ಮೋನಿಯಂ ಕಲಿಸುವವರು ಸಿಗುತ್ತಾರೆ, ದುರಸ್ತಿ ಬಲ್ಲವರೂ ಸಿಗುತ್ತಾರೆ. ಇದು ಗಿಟಾರು, ಪಿಟೀಲುಗಳಿಗಿಲ್ಲದ ಅನುಕೂಲ. ಒತ್ತಿದರೆ ಸ್ವರ ಬರುತ್ತದೆ, ಮೊದಲ ದಿನವೇ ಕಿವಿಗೆ ಹಿತ. ಮೋಸವಿರುವುದು ಅಲ್ಲೇ. ಎರಡನೆಯ ದಿನದಿಂದ ಮೂರು ತಿಂಗಳು ಅಲಂಕಾರಗಳು: ಸಾರೇಗ, ರೇಗಮ, ಗಮಪ. ಬಲಗೈ ಬೆರಳು ಓಡುತ್ತದೆ, ಎಡಗೈ ತಿದಿ ಒತ್ತುವುದನ್ನು ಮರೆಯುತ್ತದೆ. ಅದು ನೆನಪಾದಾಗ ಇದು ತಪ್ಪುತ್ತದೆ. ಪಕ್ಕದ ಕೋಣೆಯಿಂದ ಅತ್ತೆ, "ಈ ಹಾಡು ಯಾವಾಗ ಮುಗಿಯುತ್ತದೆ?" ಎಂದು ಕೇಳಿದರು. ಅದು ಹಾಡಲ್ಲ ಎಂದು ಹೇಳಲು ಧೈರ್ಯ ಬರಲಿಲ್ಲ. ಬಳ್ಳಾರಿಯ ಧೂಳು ಸುರದ (ನಾದ ಕೊಡುವ ಲೋಹದ ನಾಲಗೆಯ) ಸಂದಿಗೆ ಹೊಕ್ಕು ಒಂದು ಮನೆ, ಅಂದರೆ ಬೆರಳಿನಿಂದ ಒತ್ತುವ ಪಟ್ಟಿ, ಮೂಕವಾಯಿತು. ಮಳೆಗಾಲದಲ್ಲಿ ಇನ್ನೊಂದು ಮನೆ ಒತ್ತದೆಯೇ ಕೂಗತೊಡಗಿತು. ಹದಿನಾಲ್ಕು ತಿಂಗಳಿಗೆ ಕೈಬಿಟ್ಟೆ. ಪೆಟ್ಟಿಗೆ ಈಗ ರಾಯಚೂರಿನ ಮೈದುನನ ಮಗಳ ಹತ್ತಿರವಿದೆ. ಅವಳು ಅದೇ ಅಲಂಕಾರವನ್ನು ಒಂದು ಗಂಟೆ ನಗುನಗುತ್ತಾ ನುಡಿಸುತ್ತಾಳೆ. ಒಂದೇ ಬೇಸರ, ಇಬ್ಬರ ಹೊಟ್ಟೆಗೆ ಬೇರೆ ಬೇರೆ ರುಚಿ.

ಹಾರ್ಮೋನಿಯಂ ಕೊಳ್ಳುವವರಿಗೆ ಒಂದೇ ಮಾತು: ಮೊದಲು ನಿಮ್ಮ ಕೊರಳಿನ ಷಡ್ಜ, ಅಂದರೆ 'ಸ', ಯಾವ ಮನೆಯಲ್ಲಿ ಕೂರುತ್ತದೆ ಎಂದು ಗುರುಗಳಿಂದ ತಿಳಿದುಕೊಳ್ಳಿ. ಗಂಡಸರಿಗೆ ಸಾಮಾನ್ಯವಾಗಿ ಕರಿ ಒಂದರ (ಮೊದಲ ಕರಿ ಮನೆಯ) ಆಸುಪಾಸು, ಹೆಂಗಸರಿಗೆ ಕರಿ ನಾಲ್ಕರ ಆಸುಪಾಸು. ಅದನ್ನು ತಿಳಿಯದೆ ಆನ್‌ಲೈನಿನಲ್ಲಿ ತರಿಸಿದ ನನಗೆ ಬಂದ ಪೆಟ್ಟಿಗೆಯಲ್ಲಿ ತಾರಸ್ಥಾಯಿ ಚೀರುತ್ತಿತ್ತು. ವಾಪಸು ತೆಗೆದುಕೊಳ್ಳುವ ಗಡುವು ಅಷ್ಟರಲ್ಲಿ ಮುಗಿದಿತ್ತು.

ಕಸೂತಿಗೆ ಗುರುವಿನ ಹೊತ್ತು, ಶಿಷ್ಯನ ಹೊತ್ತು ಕೂಡಿಬರಬೇಕಿಲ್ಲ. ಸೂಜಿ, ದಾರ, ಕನ್ನಡಿ ಚೂರು, ಕವಡೆ ಎಲ್ಲ ಸೇರಿ ಮುನ್ನೂರು ರೂಪಾಯಿ ದಾಟುವುದಿಲ್ಲ. ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ. 2023ರಲ್ಲಿ ಹಂಪಿಯಲ್ಲಿ ಜಿ-20 ಸಂಸ್ಕೃತಿ ಸಭೆ ನಡೆದಾಗ 450ಕ್ಕೂ ಹೆಚ್ಚು ಲಂಬಾಣಿ ಹೆಣ್ಣುಮಕ್ಕಳು ಮಾಡಿದ 1,755 ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆಯಾಯಿತು. ಅವರ ಕೈಗೆ ನಮ್ಮ ಕೈ ಸಮ ಬರುವುದು ಈ ಜನ್ಮದಲ್ಲಿ ಆಗದ ಮಾತು, ಅದನ್ನು ಒಪ್ಪಿಕೊಂಡು ಕೂತರೆ ಕೆಲಸ ಹಗುರ.

ನಾನು ಹೊಲಿಯುವುದು ನಮ್ಮ ಘಟಕದ ಕತ್ತರಿಕೆ ಮೇಜಿನಡಿ ಬೀಳುವ ಡೆನಿಮ್ ಚಿಂದಿಯ ಮೇಲೆ. ಬಟ್ಟಾಣಿಗಿಂತ ತುಸು ದೊಡ್ಡ ಕನ್ನಡಿಯನ್ನು ಬಟ್ಟೆಯ ಮೇಲಿಟ್ಟು ಹೆಬ್ಬೆರಳಿನಿಂದ ಒತ್ತಿ ಹಿಡಿಯಬೇಕು. ಅದರ ಮೇಲೆ ಅಡ್ಡಕ್ಕೆ ಎರಡು ಎಳೆ, ಉದ್ದಕ್ಕೆ ಎರಡು ಎಳೆ. ನಡುವೆ ಒಂದು ಚೌಕ ಮೂಡುತ್ತದೆ. ಆಮೇಲೆ ಪ್ರತಿ ಹೊಲಿಗೆಯಲ್ಲೂ ಆ ಎಳೆಗಳ ಕೆಳಗಿಂದ ಸೂಜಿ ತೂರಿಸಿ, ಕುಣಿಕೆ ಹಾಕಿ, ಅಂಚಿಗೆ ಎಳೆಯುತ್ತಾ ಸುತ್ತು ಬರಬೇಕು. ಚೌಕ ನಿಧಾನಕ್ಕೆ ದುಂಡಗಾಗುತ್ತದೆ. ಮೊದಲ ನಾಲ್ಕು ಎಳೆ ಸಡಿಲವಾಗಿದ್ದರೆ ಎಲ್ಲ ಸುತ್ತು ಮುಗಿಸಿ ಬಟ್ಟೆ ಕೊಡವಿದಾಗ ಕನ್ನಡಿ ಟಣ್ ಎಂದು ನೆಲಕ್ಕೆ. ಆಗ ಬಿಚ್ಚಬೇಕು. ಕಸೂತಿಯ ಬೇಸರ ಇದೇ, ಬಿಚ್ಚುವುದು. ಹೊಲಿದಷ್ಟೇ ಹೊತ್ತು ಬಿಚ್ಚಲು ಬೇಕು. ಲೆಕ್ಕದಲ್ಲಿ ಹನ್ನೊಂದು ರೂಪಾಯಿ ತಾಳೆಯಾಗದೆ ಮೂರು ದಿನ ಹುಡುಕಿದ ನನಗೆ ಅದು ಬೇಸರವೇ ಅನಿಸಲಿಲ್ಲ. ಹಾಗಾಗಿ ಇದು ನನ್ನಲ್ಲಿ ಉಳಿಯಿತು. ದಪ್ಪ ಡೆನಿಮ್ ಬೇಡ, ಸೂಜಿ ಮುರಿಯುತ್ತದೆ. ಅಂಗಿಯ ತೆಳು ಡೆನಿಮ್ ತೆಗೆದುಕೊಳ್ಳಿ, ಅಂಗುಸ್ತಾನ ಹಾಕಿಕೊಳ್ಳಿ. ನಲವತ್ತು ದಾಟಿದವರು ಕನ್ನಡಕದ ನಂಬರನ್ನು ಮೊದಲು ಸರಿಮಾಡಿಸಿ.

ಹೊರಗೆ ಹೋಗುವವು

ಹಕ್ಕಿ ನೋಡಲು ತುಂಗಭದ್ರೆಯ ಬಯಲಿಗಿಂತ ಒಳ್ಳೆಯ ಜಾಗ ಹುಡುಕಬೇಕಿಲ್ಲ. ನವೆಂಬರಿನಿಂದ ಫೆಬ್ರವರಿವರೆಗೆ ಜಲಾಶಯದ ಹಿನ್ನೀರು, ಕೆರೆಗಳು, ಭತ್ತದ ಗದ್ದೆಗಳಿಗೆ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಬರುತ್ತವೆ. ಹಗರಿಬೊಮ್ಮನಹಳ್ಳಿ ಬಳಿಯ ಅಂಕಸಮುದ್ರ ಪಕ್ಷಿ ಸಂರಕ್ಷಣಾ ತಾಣ 2024ರಲ್ಲಿ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿ ಸೇರಿದೆ. ದರೋಜಿಯ ಬಂಡೆಗುಡ್ಡಗಳಲ್ಲಿ ದಕ್ಷಿಣ ಭಾರತ ಬಿಟ್ಟು ಬೇರೆಲ್ಲೂ ಇಲ್ಲದ ಹಳದಿ ಕೊರಳಿನ ಪಿಕಳಾರವಿದೆ. ದುರ್ಬೀನು ಕೊಳ್ಳುವುದಾದರೆ 8x42 ಎಂದು ಬರೆದದ್ದನ್ನು ಕೊಳ್ಳಿ: ಎಂಟು ಪಟ್ಟು ಹತ್ತಿರ ತೋರಿಸುತ್ತದೆ, ಮುಂದಿನ ಗಾಜು 42 ಮಿಲಿಮೀಟರ್ ಅಗಲ. ಹತ್ತು ಪಟ್ಟಿನದು ಹೊಸಬರ ಕೈಯಲ್ಲಿ ನಡುಗುತ್ತದೆ. ಇದೇ ದುರ್ಬೀನನ್ನು ರಾತ್ರಿ ಮಾಳಿಗೆಯ ಗೋಡೆಗೆ ಆನಿಸಿ ಹಿಡಿದರೆ ಗುರುವಿನ ಉಪಗ್ರಹಗಳೂ ಚುಕ್ಕೆಗಳಾಗಿ ಕಾಣುತ್ತವೆ. ಒಂದು ಖರ್ಚಿನಲ್ಲಿ ಎರಡು ಹುಚ್ಚು.

ಬೇಸರದ ಪಾಲು ಕಾಯುವುದು. ಜೊತೆಗೆ, ಎದುರಿಗೆ ಬಂದದ್ದರಲ್ಲಿ ಮುಕ್ಕಾಲು ಪಾಲು ಕಂದು ಬಣ್ಣದ ಪುಟ್ಟ ಹಕ್ಕಿಗಳು, ಪುಸ್ತಕದಲ್ಲಿ ಎಲ್ಲವೂ ಒಂದೇ ಥರ. ನಾನು ಹತ್ತು ನಿಮಿಷಕ್ಕೆ ಚಡಪಡಿಸುತ್ತೇನೆ. ನಮ್ಮ ಯಜಮಾನರು ನನ್ನ ಜೊತೆಗೆಂದು ಬಂದವರು, ಕೆರೆಯ ಏರಿಯ ಮೇಲೆ ಕಲ್ಲಾಗಿ ಕೂತರು. ದುರ್ಬೀನು ಈಗ ಅವರದು. ಹೆಣ್ಣುಮಕ್ಕಳಿಗೆ ಇನ್ನೊಂದು ಮಾತನ್ನು ಮುಚ್ಚಿಡದೆ ಹೇಳಬೇಕು: ನಸುಕಿನಲ್ಲಿ ಒಬ್ಬರೇ ಕೆರೆಯಂಗಳಕ್ಕೆ ಹೋಗುವುದು ನಮ್ಮ ಊರುಗಳಲ್ಲಿ ಸಲೀಸಲ್ಲ. ಜೊತೆ ಸಿಗುವುದಾದರೆ ಮಾತ್ರ ಇದನ್ನು ಎಣಿಕೆಗೆ ತೆಗೆದುಕೊಳ್ಳಿ.

ಕಲ್ಲು-ಶಾಸನಕ್ಕೆ ಜೊತೆ ಸುಲಭ, ಮನೆಮಂದಿಯೆಲ್ಲ ಬರುತ್ತಾರೆ. ಬುತ್ತಿಯನ್ನೂ ಕಟ್ಟಿಕೊಳ್ಳುತ್ತಾರೆ. ದೂರವನ್ನೂ ಹೋಗಬೇಕಿಲ್ಲ. ಬಳ್ಳಾರಿಯ ಪಕ್ಕದ ಸಂಗನಕಲ್ಲು-ಕಪ್ಪಗಲ್ಲಿನ ಗುಡ್ಡದಲ್ಲಿ ನವಶಿಲಾಯುಗದವರು ಕುಟ್ಟಿ ಮೂಡಿಸಿದ ಗೂಳಿಗಳಿವೆ, ಬಡಿದರೆ ಗಂಟೆಯಂತೆ ನಾದ ಕೊಡುವ ಬಂಡೆಗಳಿವೆ. ಕೊಪ್ಪಳದ ಗವಿಮಠ, ಪಾಲ್ಕಿಗುಂಡುಗಳಲ್ಲಿ ಅಶೋಕನ ಶಾಸನಗಳಿವೆ. 1915ರಲ್ಲಿ ಚಿನ್ನ ಹುಡುಕುತ್ತಿದ್ದ ಬೀಡನ್ ಎಂಬ ಗಣಿ ಎಂಜಿನಿಯರ್ ಮಸ್ಕಿಯಲ್ಲಿ ಬಂಡೆಯೊಂದನ್ನು ಕಂಡ. ಬೇರೆ ಶಾಸನಗಳಲ್ಲಿ ಬರುವ 'ದೇವಾನಾಂಪ್ರಿಯ' ಎಂಬ ಬಿರುದಿನ ರಾಜ ಯಾರೆಂಬುದು ಅದರಲ್ಲಿದ್ದ 'ಅಶೋಕ' ಎಂಬ ಹೆಸರಿನಿಂದ ಗಟ್ಟಿಯಾಯಿತು. ರಾಯಚೂರು ಕೋಟೆಯ ಗೋಡೆಯಲ್ಲಿ 1294ರ ಶಾಸನವಿರುವ, 40 ಅಡಿಗೂ ಉದ್ದದ ಚಪ್ಪಡಿ ಇದೆ. ಅದನ್ನು ಬಂಡಿಯ ಮೇಲೆ ಹೇರಿ ಎಳೆತಂದ ಚಿತ್ರವನ್ನೂ ಪಕ್ಕದಲ್ಲೇ ಗೀರಿದ್ದಾರೆ. ನನಗೆ ಶಾಸನಕ್ಕಿಂತ ಆ ಬಂಡಿಯೇ ಹೆಚ್ಚು ಹಿಡಿಸಿತು. 1112ರ ಇಟಗಿಯ ಮಹಾದೇವ ದೇವಾಲಯ, ಹಿರೇಬೆಣಕಲ್ಲಿನ ಕಲ್ಲುಗೋರಿಗಳು ಸೇರಿದರೆ ಎರಡು ಚಳಿಗಾಲಕ್ಕೆ ಸಾಲುತ್ತದೆ.

ಇದರ ದೊಡ್ಡ ಅನುಕೂಲ, ಬೆಳಕಿನ ನಿಯಮ ನಮ್ಮ ಬಿಸಿಲಿನ ನಿಯಮಕ್ಕೆ ಸರಿಹೊಂದುತ್ತದೆ. ನಡುಹಗಲಿನಲ್ಲಿ ಅಕ್ಷರ ಕಾಣುವುದೇ ಇಲ್ಲ. ಬೆಳಗಿನ ಓರೆ ಬಿಸಿಲಿನಲ್ಲಿ ಪ್ರತಿ ಗೀರಿಗೂ ನೆರಳು ಬಿದ್ದು ಸಾಲುಗಳು ಎದ್ದು ನಿಲ್ಲುತ್ತವೆ. ಸೀಮೆಸುಣ್ಣ, ಎಣ್ಣೆ, ಹಿಟ್ಟು ಹಚ್ಚಿ ಓದುವ ಚಾಳಿ ಬೇಡ, ಕಲ್ಲು ಹಾಳಾಗುತ್ತದೆ. ಬ್ಯಾಟರಿ ದೀಪವನ್ನು ಓರೆಯಾಗಿ ಹಿಡಿದರೆ ಸಾಕು. ಬೇಸರದ ಪಾಲು ಮನೆಗೆ ಬಂದ ಮೇಲೆ ಶುರು. ಸವೆದ ಅಕ್ಷರದ ಫೋಟೊ ಹಿಡಿದು, ಹಂಪಿಯ ಕನ್ನಡ ವಿಶ್ವವಿದ್ಯಾಲಯ ಹೊರತಂದಿರುವ ಶಾಸನ ಸಂಪುಟಗಳ ಪಾಠದ ಜೊತೆ ಸಾಲು ಸಾಲಾಗಿ ಹೋಲಿಸಬೇಕು. ಅದನ್ನು ಮಾಡದವರು ಪ್ರವಾಸಿಗರು. ಅದೂ ತಪ್ಪಲ್ಲ, ನಾನೂ ಎರಡು ವರ್ಷಗಳಿಂದ ಪ್ರವಾಸಿಯೇ.

ಆನೆಗೊಂದಿ, ಸಾಣಾಪುರದ ಗುಂಡುಗಳನ್ನು ಹತ್ತುವ ಆಟ ಯುವಕರಿಗೆ, ಅದೂ ಚಳಿಗಾಲಕ್ಕೆ. ನನ್ನ ಮೊಣಕಾಲು ಅದರ ಬಗ್ಗೆ ಮಾತನಾಡಲು ಒಪ್ಪುವುದಿಲ್ಲ. ಕಿನ್ನಾಳದ ಗೊಂಬೆ ಮಾಡುವುದನ್ನು ಕಲಿಯಬೇಕು ಎನ್ನುವವರಿದ್ದಾರೆ. ಹಗುರ ಮರ ಕೆತ್ತಿ, ಹುಣಸೆಬೀಜದ ಅಂಟು ಕಲಸಿ ಮಾಡುವ ಆ ಕೆಲಸ ಚಿತ್ರಗಾರ ಮನೆತನಗಳು ತಲೆಮಾರುಗಳಿಂದ ಹೊತ್ತು ತಂದ ಕಸುಬು. ಭಾನುವಾರಕ್ಕೊಮ್ಮೆ ಮುಟ್ಟಿದರೆ ದಕ್ಕುವುದಿಲ್ಲ. ಕಿನ್ನಾಳಕ್ಕೆ ಹೋಗಿ ಒಂದು ಗೊಂಬೆ ಕೊಂಡು ತನ್ನಿ, ಅವರ ಮನೆಗಾದರೂ ಆಸರೆಯಾದೀತು.

ದುಡ್ಡಿನ ಮಾತು ಚಿಕ್ಕದು. ಮೂರು ತಿಂಗಳು ಏನನ್ನೂ ಕೊಳ್ಳಬೇಡಿ, ಎರವಲು ತನ್ನಿ. ಆರರಲ್ಲಿ ಹೆಚ್ಚು ದುಡ್ಡು ಮುಳುಗುವುದು ಹಾರ್ಮೋನಿಯಂನಲ್ಲಿ, ಆಮೇಲೆ ದುರ್ಬೀನು. ತೋಟ ಕಂತಿನಲ್ಲಿ ತಿನ್ನುತ್ತದೆ. ಚುಕ್ಕಿಗೆ ಚಾಪೆ ಸಾಕು.

ತಂಗಿಗೆ ನಾನು ಚುಕ್ಕಿ ಹಿಡಿ ಎಂದಿದ್ದೆ. ಅವಳ ಮನೆಗೆ ಮಾಳಿಗೆ ಇದೆ, ಊರಾಚೆ ಗದ್ದೆಯ ಕತ್ತಲೆ ಇದೆ. ಅವಳು ಕೇಳಲಿಲ್ಲ. "ಸಂಜೆ ಆರಕ್ಕೆ ನಿನ್ನ ಚುಕ್ಕಿ ಎಲ್ಲಿರುತ್ತದೆ ಅಕ್ಕಾ?" ಎಂದು ನನ್ನ ಗಡಿಯಾರದ ಮಾತನ್ನೇ ನನಗೆ ತಿರುಗಿಸಿ, ಹತ್ತು ಕನ್ನಡಿ ಚೂರುಗಳನ್ನೂ ಕೆಂಪು ದಾರವನ್ನೂ ತರಿಸಿಕೊಂಡಳು. ಮೊನ್ನೆ ಮೊಬೈಲಿಗೆ ಒಂದು ಫೋಟೊ ಬಂತು. ಹೊಲಿಗೆಯದಲ್ಲ. ತಟ್ಟೆಯ ತುಂಬ ಬಿಚ್ಚಿ ಗುಡ್ಡೆ ಹಾಕಿದ ಕೆಂಪು ದಾರ.